ಕಡಲಿನ ಅಜ್ಞಾತವಾಸಿ

ಕಡಲೆಂದೊಡನೆ ತಿಮಿಂಗಿಲ, ಮೀನು, ಹವಳಗಳು ಕಣ್ಣಮುಂದೆ ಸುಳಿಯುತ್ತವೆ. ಆದರೆ ಸಾಗರದಲ್ಲಿ ಇವೆಲ್ಲವನ್ನೂ ಸಂಖ್ಯೆಯಲ್ಲಿ ಮೀರಿಸುವ ಜೀವಿಗಳು ಬರಿಗಣ್ಣಿಗೆ ಗೋಚರಿಸುವುದಿಲ್ಲ. ಕಡಲ ಮೇಲ್ಪದರದ ಒಂದು ಮಿಲಿಲೀಟರು ನೀರಿನಲ್ಲಿ ಲಕ್ಷಾಂತರ ಬ್ಯಾಕ್ಟೀರಿಯಾಗಳು ವಾಸಿಸುತ್ತವೆ. ಅವುಗಳಲ್ಲಿ ಹೊಸತೊಂದನ್ನು ಗುರುತಿಸಿ, ಜೀವಿಕುಲದಲ್ಲಿ ಅದಕ್ಕೆ ಉಚಿತ ಸ್ಥಾನವನ್ನು ಕೊಡುವುದು ಹೇಗೆ?

ಬಹುಕಾಲ ವಿಜ್ಞಾನಿಗಳು ಅನುಸರಿಸಿದ ಕ್ರಮ ಸರಳವಾದುದು. ಪುಷ್ಟಿಕರ ಆಹಾರವನ್ನು ಬೆರೆಸಿದ ಅಗರ್ ತಟ್ಟೆಯ ಮೇಲೆ ನೀರಿನ ಹನಿಯನ್ನು ಹರಡುವರು. ಅಲ್ಲಿ ಬೆಳೆದ ಜೀವಿಯ ಆಕಾರ, ಆಹಾರ, ಗುಣಗಳನ್ನು ಪರೀಕ್ಷಿಸುವರು. ಆದರೆ ಸೂಕ್ಷ್ಮದರ್ಶಕದಲ್ಲಿ ಕಂಡ ನೂರು ಜೀವಿಗಳಲ್ಲಿ ತಟ್ಟೆಯ ಮೇಲೆ ಒಂದು ಬೆಳೆಯುವುದೂ ದುರ್ಲಭವಾಗಿತ್ತು. ಉಳಿದವು ಯಾವುವು ಎಂಬ ಪ್ರಶ್ನೆಗೆ ಉತ್ತರವಿರಲಿಲ್ಲ.

ಅಮೆರಿಕದ ವಿಜ್ಞಾನಿ ಕಾರ್ಲ್ ವೋಸ್ 1970ರ ದಶಕದಲ್ಲಿ ಹೊಸ ದಾರಿಯೊಂದನ್ನು ತೋರಿದರು. ಎಲ್ಲ ಜೀವಕೋಶಗಳಲ್ಲಿಯೂ ಪ್ರೋಟೀನುಗಳನ್ನು ತಯಾರಿಸುವ ರೈಬೋಸೋಮುಗಳಿವೆ. ಅವುಗಳಲ್ಲಿರುವ ಆರ್‌ಎನ್‌ಎಯ ರಚನೆ ಬಹು ನಿಧಾನವಾಗಿ ಬದಲಾಗುತ್ತದೆ. ಎರಡು ಜೀವಿಗಳ ಈ ರಚನೆಯನ್ನು ಹೋಲಿಸಿದರೆ ಅವುಗಳ ನಂಟು ಎಷ್ಟು ಹತ್ತಿರದ್ದೆಂಬುದು ತಿಳಿಯುತ್ತದೆ. ಈ ವಿಧಾನವನ್ನು ಅನುಸರಿಸಿ ಸ್ಟೀಫನ್ ಜಿಯೊವನೋನಿ ಮತ್ತು ಸಂಗಡಿಗರು ಅಟ್ಲಾಂಟಿಕ್ ಸಾಗರದ ಸರ್ಗಾಸೋ ಸಮುದ್ರದ ನೀರಿನಿಂದ, ಜೀವಿಗಳನ್ನು ಬೆಳೆಸದೆಯೇ, ಅವುಗಳ ವಂಶವಾಹಿಗಳನ್ನು ಬೇರ್ಪಡಿಸಿದರು. ಅದುವರೆಗೆ ಬೆಳೆಸಿದ್ದ ಯಾವ ಬ್ಯಾಕ್ಟೀರಿಯಾಕ್ಕೂ ಹೊಂದದ ಗುಂಪೊಂದು 1990ರಲ್ಲಿ ಪ್ರಕಟವಾಯಿತು. ಅದಕ್ಕೆ ‘ಸಾರ್-11’ ಎಂಬ ಗುರುತು ದೊರೆಯಿತು.

ಹೆಜ್ಜೆಯ ಗುರುತು ಸಿಕ್ಕಿತು. ಆದರೆ ನಡೆದಾಡಿದವನು ಸಿಕ್ಕಿರಲಿಲ್ಲ. ಅದಕ್ಕೆ ಮತ್ತೆ ಹನ್ನೆರಡು ವರ್ಷಗಳು ಬೇಕಾದವು. ಆರೆಗಾನ್ ಕರಾವಳಿಯ ನೀರನ್ನು ಪರೀಕ್ಷಿಸುತ್ತಿದ್ದ ವಿಜ್ಞಾನಿಗಳು ಪುಷ್ಟಿಕರ ಆಹಾರವನ್ನು ಕೈಬಿಟ್ಟರು. ಸೋಸಿ, ಕಾಯಿಸಿ ನಿರ್ಜೀವಗೊಳಿಸಿದ ಕಡಲನೀರನ್ನೇ ಆಹಾರವಾಗಿಸಿ, ಒಂದೊಂದು ಗುಳಿಯಲ್ಲಿ ಕೆಲವೇ ಜೀವಕೋಶಗಳಿರುವಂತೆ ಮಾಡಿ, ತಾಳ್ಮೆಯಿಂದ ಕಾದರು. 2002ರಲ್ಲಿ ಅಜ್ಞಾತವಾಸ ಮುಗಿಯಿತು. ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿಗಿಂತಲೂ ಚಿಕ್ಕದಾದ ಆ ಜೀವಿಗೆ ‘ಪೆಲಾಜಿಬ್ಯಾಕ್ಟರ್ ಯುಬೀಕ್’ ಎಂದು ಹೆಸರಾಯಿತು. ಎಲ್ಲೆಲ್ಲಿಯೂ ಇರುವ ಕಡಲ ಬ್ಯಾಕ್ಟೀರಿಯಾ ಎಂಬುದು ಅದರ ಭಾವ.

ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸುವುದು ವಿಜ್ಞಾನದ ರೀತಿಯಲ್ಲ. ಬ್ಯಾಕ್ಟೀರಿಯಾಗಳ ನಾಮಕರಣದ ಅಂತರರಾಷ್ಟ್ರೀಯ ಸಂಹಿತೆಯಂತೆ, ಹೊಸ ಪ್ರಭೇದದ ಶುದ್ಧ ಮಾದರಿಯನ್ನು ಎರಡು ಬೇರೆ ಬೇರೆ ದೇಶಗಳ ಸಂಗ್ರಹಾಲಯಗಳಲ್ಲಿ ಇರಿಸಬೇಕು. ಸಮೀಪದ ಬಂಧುಗಳ ಸಮಗ್ರ ವಂಶವಾಹಿ ರಚನೆಯೊಡನೆ ಹೋಲಿಸಿದಾಗ ಸಾಮ್ಯವು ಸುಮಾರು 95 ಪ್ರತಿಶತಕ್ಕಿಂತ ಕಡಿಮೆಯಿದ್ದರೆ ಅದನ್ನು ಬೇರೆ ಪ್ರಭೇದವೆಂದು ಎಣಿಸುವುದು ವಾಡಿಕೆ. ಇಷ್ಟು ಪ್ರಸಿದ್ಧವಾದ ಈ ಜೀವಿಯ ಹೆಸರಿಗೂ 2002ರಲ್ಲಿ ‘ಕ್ಯಾಂಡಿಡೇಟಸ್’, ಅಂದರೆ ‘ಅಭ್ಯರ್ಥಿ’, ಎಂಬ ವಿಶೇಷಣವನ್ನು ಸೇರಿಸಲಾಯಿತು.

ಸಾಗರದಲ್ಲಿ ಕರಗಿರುವ ಇಂಗಾಲದ ಸಂಯುಕ್ತಗಳನ್ನು ಉಂಡು ಬದುಕುವ ಈ ಗುಂಪು ಭೂಮಿಯ ಇಂಗಾಲದ ಚಕ್ರದಲ್ಲಿ ದೊಡ್ಡ ಪಾತ್ರವನ್ನು ವಹಿಸುತ್ತದೆ. ಇಂತಹ ಜೀವಿ ಇಷ್ಟು ಕಾಲ ಮರೆಯಾಗಿದ್ದುದು ಅದು ವಿರಳವಾದುದರಿಂದಲ್ಲ. ಗಂಜಿಯಿಂದ ತೃಪ್ತವಾಗುವ ಅತಿಥಿಗೆ ಮನುಷ್ಯನು ಮೃಷ್ಟಾನ್ನವನ್ನು ಬಡಿಸಿ, ಅತಿಥಿ ಬರಲಿಲ್ಲವೆಂದು ಭಾವಿಸಿದ್ದನು. ತನ್ನ ವಿಧಾನವನ್ನೇ ಸಂದೇಹಿಸಿ ತಿದ್ದಿಕೊಂಡಾಗ, ಎದುರಿಗೇ ಇದ್ದುದು ಅವನಿಗೆ ಗೋಚರವಾಯಿತು.