ವೇಪ್ ಪೆನ್‌ಗೆ ಯಾವ ಅಟೊಮೈಜರ್ ಒಳ್ಳೆಯದು? ಹೆತ್ತವರು ಓದಲೇಬೇಕಾದ ಉತ್ತರ



ಕೆಲಸದ ನಿಮಿತ್ತ ಕೋಲ್ಕತ್ತಾಕ್ಕೆ ಬಂದು ದಕ್ಷಿಣೇಶ್ವರದಲ್ಲಿ ಬಾಡಿಗೆ ಮನೆ ಮಾಡಿಕೊಂಡಿದ್ದೀರಿ ಎಂದುಕೊಳ್ಳಿ. ಒಂದು ಭಾನುವಾರ ಒಗೆಯಲೆಂದು ಮಗನ ಕಾಲೇಜು ಬ್ಯಾಗ್ ಖಾಲಿ ಮಾಡುವಾಗ ಪೆನ್ನಿನಂಥ ಸಾಧನವೊಂದು ಸಿಗುತ್ತದೆ. ತುದಿಯಲ್ಲಿ ಪುಟ್ಟ ಗಾಜಿನ ಕೊಳವೆ, ಒಳಗೆ ಜೇನುತುಪ್ಪದ ಬಣ್ಣದ ಎಣ್ಣೆ. ಕೇಳಿದರೆ, "ಅಮ್ಮಾ, ಇದು ಹೊಗೆ ಅಲ್ಲ, ಬರೀ ಆವಿ. ಒಳ್ಳೇ ಅಟೊಮೈಜರ್ ನೋಡಿ ತಗೊಂಡಿದ್ದೀನಿ, ಏನೂ ಆಗಲ್ಲ" ಎನ್ನುತ್ತಾನೆ. ಈ ಮಾತನ್ನು ನಂಬಬಹುದೇ? ಸ್ವಲ್ಪ ಸಮಾಧಾನದಿಂದ ಓದಿ.

*1. ಅಟೊಮೈಜರ್ ಎಂದರೇನು?*

ಸೊಳ್ಳೆ ಓಡಿಸಲು ಪ್ಲಗ್‌ಗೆ ಹಾಕುವ ಲಿಕ್ವಿಡ್ ಮಷಿನ್ ನಿಮ್ಮ ಮನೆಯಲ್ಲೂ ಇರಬಹುದು. ಬಾಟಲಿಯ ದ್ರವ ಬತ್ತಿಯ ಮೂಲಕ ಮೇಲೇರಿ, ಅಲ್ಲಿನ ಬಿಸಿಗೆ ಆವಿಯಾಗುತ್ತದೆ. ಅಟೊಮೈಜರ್ ಕೂಡ ಹಾಗೆಯೇ. ಬ್ಯಾಟರಿಯಿಂದ ಸಣ್ಣ ಕಾಯಿಲ್ ಕಾಯುತ್ತದೆ, ಎಣ್ಣೆಯೋ ಮೇಣವೋ ಆವಿಯಾಗಿ ನೇರ ಶ್ವಾಸಕೋಶಕ್ಕೆ ಹೋಗುತ್ತದೆ. ಆ ಎಣ್ಣೆ ಗಾಂಜಾ ಸಾರವಾಗಿರಬಹುದು. ಮತ್ತು ಬರಿಸುವ ಟಿಎಚ್‌ಸಿ ಅಂಶ ಗಾಂಜಾ ಹೂವಿನಲ್ಲಿ ಸಾಮಾನ್ಯವಾಗಿ ಶೇ. 10ರಿಂದ 25 ಇದ್ದರೆ, ಸಾರದಲ್ಲಿ ಶೇ. 60ರಿಂದ 90ರವರೆಗೂ ಇರುತ್ತದೆ.

*2. ದುಬಾರಿ ಕಾಯಿಲ್ ಇದ್ದರೆ ಅಪಾಯ ಇಲ್ಲವೇ?*

ಸೆರಾಮಿಕ್, ಕ್ವಾರ್ಟ್ಜ್, ಟೈಟಾನಿಯಂ ಎಂದು ಹಲವು ಬಗೆ ಇವೆ. ಲೋಹದ ಕಾಯಿಲ್‌ಗಳಿಂದ ನಿಕಲ್, ಕ್ರೋಮಿಯಂ, ಸೀಸ ಆವಿಗೆ ಸೇರುವುದನ್ನು ಸಂಶೋಧಕರು ಕಂಡಿದ್ದಾರೆ. ಸೆರಾಮಿಕ್ ಹಾಕಿದರೂ ಒಳಗಿನ ಎಣ್ಣೆ ಅದೇ. ಬಾಣಲೆಯಲ್ಲಿ ಎಣ್ಣೆ ಅತಿಯಾಗಿ ಕಾದಾಗ ಏಳುವ ಘಾಟು ನಿಮಗೆ ಗೊತ್ತು. ಗಾಂಜಾ ಸಾರವೂ ಅತಿಯಾಗಿ ಕಾದಾಗ ಬೆಂಜೀನ್‌ನಂಥ ಕ್ಯಾನ್ಸರ್‌ಕಾರಕ ವಸ್ತು ಹುಟ್ಟುತ್ತದೆ. ಕದ್ದುಮುಚ್ಚಿ ಕೊಂಡ ಎಣ್ಣೆಗೆ ಏನು ಬೆರೆಸಿದ್ದಾರೆಂದು ಯಾವ ಅಟೊಮೈಜರ್ ಹೇಳೀತು?

*3. ಅಮೆರಿಕದಲ್ಲಿ ಆದದ್ದು*

2019ರಲ್ಲಿ ಅಲ್ಲಿ ಆರೋಗ್ಯವಾಗಿದ್ದ ಹುಡುಗ ಹುಡುಗಿಯರು ಉಸಿರಾಡಲಾಗದೆ ಸಾಲುಸಾಲಾಗಿ ಆಸ್ಪತ್ರೆ ಸೇರಿದರು. 2020ರ ಫೆಬ್ರವರಿ 18ರ ಹೊತ್ತಿಗೆ ಇಂಥ 2,807 ಪ್ರಕರಣಗಳು ದಾಖಲಾಗಿದ್ದವು, 68 ಮಂದಿ ತೀರಿಕೊಂಡಿದ್ದರು. ಬಹುಪಾಲು ಜನ ಟಿಎಚ್‌ಸಿ ಎಣ್ಣೆ ಸೇದಿದ್ದರು. 51 ರೋಗಿಗಳ ಶ್ವಾಸಕೋಶದ ದ್ರವ ಪರೀಕ್ಷಿಸಿದಾಗ 48 ಮಂದಿಯಲ್ಲಿ ವಿಟಮಿನ್ ಇ ಅಸಿಟೇಟ್ ಸಿಕ್ಕಿತು. ಎಣ್ಣೆ ಗಟ್ಟಿಯಾಗಿ ಕಾಣಲೆಂದು ಬೆರೆಸುತ್ತಿದ್ದ ವಸ್ತು ಅದು. ಚರ್ಮಕ್ಕೆ ಹಚ್ಚುವ ಕ್ರೀಮಿನಲ್ಲಿ ತೊಂದರೆ ಕೊಡದ ವಸ್ತು ಶ್ವಾಸಕೋಶಕ್ಕೆ ವಿಷವಾಯಿತು.

*4. ಕಾನೂನು ಏನು ಹೇಳುತ್ತದೆ?*

ನಮ್ಮ ದೇಶದಲ್ಲಿ ಇ-ಸಿಗರೇಟಿನ ತಯಾರಿಕೆ, ಆಮದು, ಮಾರಾಟ, ದಾಸ್ತಾನು, ಜಾಹೀರಾತು ಎಲ್ಲವೂ 2019ರಿಂದ ನಿಷಿದ್ಧ. ಗಾಂಜಾ ಮತ್ತು ಚರಸ್ ಜೊತೆಗೆ ಹಶೀಶ್ ಎಣ್ಣೆಯೂ 1985ರ ಎನ್‌ಡಿಪಿಎಸ್ ಕಾಯ್ದೆಯಡಿ ಬರುತ್ತದೆ. ಕೆನಡಾದಲ್ಲಿ ಗಾಂಜಾ 2018ರಿಂದ ಕಾನೂನುಬದ್ಧ. ಆದರೆ ಅಲ್ಲಿಂದ ರಜೆಗೆ ಬರುವ ನಮ್ಮ ಮಕ್ಕಳು ಕಾರ್ಟ್ರಿಜ್ ತಂದರೆ ಇಲ್ಲಿ ಅದು ಅಪರಾಧ.

*5. ಈ ಲಕ್ಷಣ ಕಂಡರೆ ತಡಮಾಡಬೇಡಿ*

ಕೆಮ್ಮು, ಏದುಸಿರು, ಎದೆನೋವು, ಜ್ವರ, ವಾಂತಿ, ಭೇದಿ. ಇವು ಕೆಲವೇ ದಿನಗಳಲ್ಲೂ ಬರಬಹುದು, ವಾರಗಳ ನಂತರವೂ ಬರಬಹುದು. ಕೋವಿಡ್ ಕಾಲದಲ್ಲಿ ಕೊಂಡ ಆಕ್ಸಿಮೀಟರ್ ಮನೆಯಲ್ಲಿದ್ದು, ಅದು 95ಕ್ಕಿಂತ ಕಡಿಮೆ ತೋರಿಸಿದರೆ ಕೂಡಲೇ ಹೊರಡಿ. ರೀಡಿಂಗ್ ಸರಿಯಿದ್ದರೂ ಉಸಿರು ಕಷ್ಟವಾಗುತ್ತಿದ್ದರೆ ಕಾಯಬೇಡಿ. ದಕ್ಷಿಣೇಶ್ವರದವರಿಗೆ ಬಿ.ಟಿ. ರಸ್ತೆಯ ಕಾಮಾರಹಾಟಿಯಲ್ಲಿ ಸಾಗರ್ ದತ್ತ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಹತ್ತಿರ. ಬಂಗಾಳಿ ಬಾರದಿದ್ದರೆ ಎರಡು ಮಾತು ನೆನಪಿಡಿ: ಉಸಿರಾಟದ ತೊಂದರೆಗೆ "ಶಾಶ್‌ಕೊಷ್ಟೊ", ಎದೆನೋವಿಗೆ "ಬುಕೆ ಬೇಥಾ".

ಮುಖ್ಯವಾಗಿ, ವೇಪ್ ಸೇದಿದ್ದನ್ನು ವೈದ್ಯರಿಂದ ಮುಚ್ಚಿಡಬೇಡಿ. ಎಕ್ಸ್‌-ರೇಯಲ್ಲಿ ಇದು ನ್ಯುಮೋನಿಯಾದಂತೆಯೇ ಕಾಣಬಹುದು. ನಿಜ ಹೇಳದಿದ್ದರೆ ಸರಿಯಾದ ಚಿಕಿತ್ಸೆ ತಡವಾಗುತ್ತದೆ. "ನಾಲ್ಕು ಜನರಿಗೆ ಗೊತ್ತಾದರೆ?" ಎಂಬ ಅಂಜಿಕೆಗಿಂತ ಮಗುವಿನ ಜೀವ ದೊಡ್ಡದು.

*6. ಮನೆಯಲ್ಲಿ ಏನು ಮಾಡಬೇಕು?*

ಹೊಡೆದು ಬಡಿದು ಮಾಡಬೇಡಿ, ಊರಿನ ಬಂಧುಗಳ ಮುಂದೆ ಮಾನ ಕಳೆಯಬೇಡಿ. ಊರು ಬಿಟ್ಟು ಬಂದ ಮಕ್ಕಳಿಗೆ ಅಜ್ಜಿಯೂ ಇಲ್ಲ, ಹಳೆಯ ಗೆಳೆಯರೂ ಇಲ್ಲ. ಹೊಸ ಗುಂಪಿಗೆ ಸೇರುವ ಆಸೆಯಲ್ಲಿ ಕೆಲವರು ಇದನ್ನು ಕೈಗೆತ್ತಿಕೊಳ್ಳಬಹುದು. ಪಕ್ಕದಲ್ಲಿ ಕೂತು, "ಯಾವಾಗಿನಿಂದ, ಕಂದಾ?" ಎಂದು ಮೆತ್ತಗೆ ಕೇಳಿ. ಉತ್ತರ ಬರುವವರೆಗೆ ಸುಮ್ಮನಿರಿ.

ಬಿಡಲು ಆಗುತ್ತಿಲ್ಲ ಎಂದರೆ ವ್ಯಸನಮುಕ್ತಿ ಸಹಾಯವಾಣಿ 14446ಕ್ಕೆ ಕರೆ ಮಾಡಿ. ಮನಸ್ಸಿನ ತಳಮಳಕ್ಕೆ ಟೆಲಿ ಮಾನಸ್ 14416 ಇದೆ, ಅಲ್ಲಿ ಕನ್ನಡದಲ್ಲೇ ಮಾತಾಡಬಹುದು. ಪೊಲೀಸರ ಭಯದಿಂದ ಚಿಕಿತ್ಸೆ ಮುಂದೂಡಬೇಡಿ. ಅಲ್ಪ ಪ್ರಮಾಣದ ಪ್ರಕರಣದಲ್ಲಿ ಸಿಕ್ಕಿಬಿದ್ದ ವ್ಯಸನಿಯೂ ಸರ್ಕಾರ ಮಾನ್ಯ ಮಾಡಿದ ಆಸ್ಪತ್ರೆಯಲ್ಲಿ ತಾನಾಗಿಯೇ ಚಿಕಿತ್ಸೆ ಪಡೆಯಲು ಮುಂದಾದರೆ, ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಂ ಅವನಿಗೆ ರಕ್ಷಣೆ ಕೊಡುತ್ತದೆ.

ಹಾಗಾದರೆ ಯಾವ ಅಟೊಮೈಜರ್ ಒಳ್ಳೆಯದು? ಅಂಗಡಿಯಲ್ಲಿ ಅಂಥದ್ದು ಸಿಗುವುದಿಲ್ಲ ಎಂದು ಮಕ್ಕಳಿಗೆ ಕಾರಣ ಸಮೇತ ಹೇಳಿ. ಆರೋಗ್ಯವೇ ಭಾಗ್ಯ.

ನಿಮ್ಮ ಕನ್ನಡ ಸಂಘದ ಗುಂಪಿಗೂ ಕಳುಹಿಸಿ. ಒಂದು ಮನೆಗೆ ಉಪಯೋಗವಾದರೂ ಸಾರ್ಥಕ.