ಪಂಚಾಯಿತಿ ದಾಖಲೆಗಳು ಮತ್ತು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್: ಸದಸ್ಯರು ತಿಳಿದಿರಬೇಕಾದ ಅಂಶಗಳು

ಇ-ಸ್ವತ್ತು ಮತ್ತು ಪಂಚತಂತ್ರ ತಂತ್ರಾಂಶಗಳಲ್ಲಿ ನಮೂದಿಸಿದ ಮಾಹಿತಿಯು ಸರ್ಕಾರದ ಸರ್ವರ್‌ನಲ್ಲಿರುತ್ತದೆ. ಕಚೇರಿಯ ಕಂಪ್ಯೂಟರ್ ಕೆಟ್ಟರೂ ಅದು ಅಳಿಯುವುದಿಲ್ಲ. ಆದರೆ ಗ್ರಾಮಸಭೆಯ ವಿಡಿಯೊ, ಕಾಮಗಾರಿಯ ಛಾಯಾಚಿತ್ರಗಳು, ಸ್ಕ್ಯಾನ್ ಮಾಡಿದ ಹಳೆಯ ನಡವಳಿ ಪುಸ್ತಕಗಳು, ಕುಡಿಯುವ ನೀರಿನ ಕೊಳವೆ ಮಾರ್ಗದ ನಕ್ಷೆ ಮೊದಲಾದವು ಒಂದೇ ಒಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್‌ನಲ್ಲಿರುವ ಸಾಧ್ಯತೆಯೇ ಹೆಚ್ಚು. ಲೆಕ್ಕ ಪರಿಶೋಧಕರು ಚರಂಡಿ ಕಾಮಗಾರಿಯ ಚಿತ್ರವನ್ನು ಕೇಳುವ ದಿನವೇ ಆ ಡಿಸ್ಕ್ ತೆರೆಯದಿದ್ದರೆ ಉತ್ತರಿಸಬೇಕಾದವರು ಪಂಚಾಯಿತಿಯವರೇ.

1956ರಲ್ಲಿ ಐಬಿಎಂ ಸಂಸ್ಥೆ ಹೊರತಂದ ಮೊದಲ ಹಾರ್ಡ್ ಡಿಸ್ಕ್ 50 ತಟ್ಟೆಗಳ, ಸುಮಾರು ಒಂದು ಟನ್ ತೂಕದ ಯಂತ್ರವಾಗಿತ್ತು. ಅದರಲ್ಲಿ ಹಿಡಿಯುತ್ತಿದ್ದುದು ಸುಮಾರು 5 ಎಂಬಿ, ಅಂದರೆ ಇಂದಿನ ಮೊಬೈಲ್‌ನ ಒಂದೆರಡು ಚಿತ್ರಗಳಷ್ಟು. ಅನಂತರ 1.44 ಎಂಬಿಯ ಫ್ಲಾಪಿ, 700 ಎಂಬಿಯ ಸಿಡಿ, 4.7 ಜಿಬಿಯ ಡಿವಿಡಿ ಬಂದುಹೋದವು. ಫ್ಲಾಪಿಯಲ್ಲಿನ ದಾಖಲೆ ಹಾಳಾಗದೆ ಉಳಿದಿದ್ದರೂ ಅದನ್ನು ಓದುವ ಸಾಧನವೇ ಇಂದಿನ ಕಂಪ್ಯೂಟರ್‌ನಲ್ಲಿಲ್ಲ. ಭದ್ರಾವತಿಯಲ್ಲಿ 1936ರಲ್ಲಿ ಸ್ಥಾಪನೆಯಾದ ಮೈಸೂರು ಕಾಗದ ಕಾರ್ಖಾನೆಯ ಹಾಳೆಯ ಮೇಲೆ ಬರೆದ ನಡವಳಿಯನ್ನು ಓದಲು ಕಣ್ಣಿದ್ದರೆ ಸಾಕು. ಆದ್ದರಿಂದ ಸ್ಕ್ಯಾನ್ ಆಯಿತೆಂಬ ಕಾರಣಕ್ಕೆ ಮೂಲ ಪುಸ್ತಕವನ್ನು ವಿಲೇವಾರಿ ಮಾಡುವುದು ಸರಿಯಲ್ಲ.

ಇಂದು ಬಳಕೆಯಲ್ಲಿರುವವು ಮುಖ್ಯವಾಗಿ ಎರಡು ಬಗೆಯವು. ಹಾರ್ಡ್ ಡಿಸ್ಕ್‌ನೊಳಗೆ ಕಾಂತೀಯ ಲೇಪನವುಳ್ಳ ತಟ್ಟೆಯು ಸಾಮಾನ್ಯವಾಗಿ ನಿಮಿಷಕ್ಕೆ 5,400 ಸುತ್ತು ತಿರುಗುತ್ತದೆ. ಓದುವ ಸೂಕ್ಷ್ಮ ಭಾಗವು ಅದನ್ನು ಮುಟ್ಟದೆ, ತಲೆಗೂದಲಿನ ದಪ್ಪದ ಸಾವಿರದಲ್ಲೊಂದು ಪಾಲಿಗಿಂತಲೂ ಕಡಿಮೆ ಅಂತರದಲ್ಲಿ ಚಲಿಸುತ್ತದೆ. ಚಾಲನೆಯಲ್ಲಿರುವಾಗ ಮೇಜಿನಿಂದ ಬಿದ್ದರೆ ತಟ್ಟೆಗೆ ಗೀರು ಬಿದ್ದು ಮಾಹಿತಿ ನಷ್ಟವಾಗಬಹುದು. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗಗಳಿಲ್ಲ. ವೇಗ ಹೆಚ್ಚು, ಬೆಲೆಯೂ ಹೆಚ್ಚು. ಆದರೆ ಅದು ಮಾಹಿತಿಯನ್ನು ವಿದ್ಯುದಾವೇಶದ ರೂಪದಲ್ಲಿ ಹಿಡಿದಿಡುತ್ತದೆ; ವರ್ಷಗಟ್ಟಲೆ ವಿದ್ಯುತ್ ಸಂಪರ್ಕವಿಲ್ಲದೆ ಬೀರುವಿನಲ್ಲಿಟ್ಟರೆ ಆ ಆವೇಶ ಕ್ರಮೇಣ ಸೋರಿಹೋಗುತ್ತದೆ. ಹೀಗಾಗಿ ಬೀರುವಿನಲ್ಲಿಡುವ ಪ್ರತಿಗೆ ಹಾರ್ಡ್ ಡಿಸ್ಕ್, ದಿನನಿತ್ಯದ ಓಡಾಟಕ್ಕೆ ಎಸ್‌ಎಸ್‌ಡಿ ಸೂಕ್ತವೆನ್ನಬಹುದು. ಪೆನ್‌ಡ್ರೈವ್ ಕೇವಲ ಸಾಗಣೆಗೆ, ಸಂರಕ್ಷಣೆಗಲ್ಲ.

ಖರೀದಿಯ ವಿಷಯದಲ್ಲಿ ಒಂದು ಮಾತು. 1 ಟಿಬಿ ಎಂದು ಮುದ್ರಿತವಾದ ಡಿಸ್ಕ್ ಕಂಪ್ಯೂಟರ್‌ನಲ್ಲಿ 931 ಜಿಬಿ ಎಂದು ತೋರಿದರೆ ಸದಸ್ಯರು ಮೋಸವೆಂದು ಸಂಶಯಿಸಬೇಕಾಗಿಲ್ಲ. ತಯಾರಕರು ಸಾವಿರದ ಲೆಕ್ಕದಲ್ಲಿಯೂ, ಕಂಪ್ಯೂಟರ್ 1,024ರ ಲೆಕ್ಕದಲ್ಲಿಯೂ ಎಣಿಸುವುದೇ ಇದಕ್ಕೆ ಕಾರಣ. ಸಂಶಯಿಸಬೇಕಾದುದು ಕೆಲವೇ ನೂರು ರೂಪಾಯಿಗೆ 16 ಟಿಬಿ ಎಂದು ಮಾರುವ ವಸ್ತುವನ್ನು.

ಪ್ರತಿಯನ್ನು ಎಲ್ಲಿ ಇಡಬೇಕೆಂಬುದು ಇವೆಲ್ಲಕ್ಕಿಂತ ಮುಖ್ಯ. ಲಕ್ಕವಳ್ಳಿಯ ಭದ್ರಾ ಜಲಾಶಯದಿಂದ ಹೆಚ್ಚು ನೀರು ಹರಿಸಿದಾಗ ಭದ್ರಾವತಿಯ ನದಿದಂಡೆಯ ತಗ್ಗು ಪ್ರದೇಶಗಳ ಪಾಡನ್ನು ಓಲ್ಡ್ ಟೌನ್‌ನವರು ಬಲ್ಲರು. ಅಂಥ ಕಡೆ ಮೂಲವೂ ನಕಲೂ ಒಂದೇ ಬೀರುವಿನಲ್ಲಿದ್ದರೆ ಎರಡೂ ಒಟ್ಟಿಗೆ ನೆನೆಯುತ್ತವೆ. ಕನಿಷ್ಠ ಎರಡು ಡಿಸ್ಕ್‌ಗಳಿರಲಿ; ಒಂದನ್ನು ಬೇರೆ ಕಟ್ಟಡದಲ್ಲಿ, ಎತ್ತರದ ಸ್ಥಳದಲ್ಲಿ, ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಮುಚ್ಚಿದ ಡಬ್ಬಿಯಲ್ಲಿ ಇರಿಸುವುದು. ಮಲೆನಾಡಿನ ಮಳೆಗಾಲದ ತೇವಕ್ಕೆ ಇದು ಅವಶ್ಯಕ. ನಕಲು ಡಿಸ್ಕನ್ನು ಸದಾ ಕಂಪ್ಯೂಟರ್‌ಗೆ ಜೋಡಿಸಿಡಬಾರದು. ವೈರಸ್ ತಗುಲಿದರೆ ಎರಡೂ ಹಾಳಾಗುತ್ತವೆ.

ಆರು ತಿಂಗಳಿಗೊಮ್ಮೆ ಸಾಮಾನ್ಯ ಸಭೆಗೆ ಮುನ್ನ ನಕಲು ಡಿಸ್ಕನ್ನು ಜೋಡಿಸಿ, ನಾಲ್ಕಾರು ಕಡತಗಳನ್ನು ತೆರೆದು ತೋರಿಸುವಂತೆ ಸದಸ್ಯರು ಪಂಚಾಯತ್ ಅಭಿವೃದ್ಧಿ ಅಧಿಕಾರಿಯವರನ್ನು ಕೋರಬಹುದು. ಸುಮಾರು ಐದು ವರ್ಷಗಳಾದ ಡಿಸ್ಕ್ ಚೆನ್ನಾಗಿಯೇ ಇದ್ದರೂ ಹೊಸದಕ್ಕೆ ವರ್ಗಾಯಿಸುವುದು ಲೇಸು. ಡಿಸ್ಕ್‌ನ ಕ್ರಮಸಂಖ್ಯೆ ಹಾಗೂ ಖರೀದಿ ದಿನಾಂಕ ದಾಸ್ತಾನು ವಹಿಯಲ್ಲಿರಲಿ. ಅಧಿಕಾರಿ ವರ್ಗಾವಣೆಯಾದಾಗ ಡಿಸ್ಕ್‌ನೊಂದಿಗೆ ಅದರ ಪಾಸ್‌ವರ್ಡ್ ಕೂಡ ಮೊಹರು ಮಾಡಿದ ಲಕೋಟೆಯಲ್ಲಿ ಪ್ರಭಾರ ಪಟ್ಟಿಯ ಜೊತೆ ಹಸ್ತಾಂತರವಾಗತಕ್ಕದ್ದು.