ಶ್ರೀರಂಗಪಟ್ಟಣದ ಮಹಾನವಮಿ ಮತ್ತು ಬಯಲಿನ ಸಂಗೀತ

ಮೈಸೂರು ದಸರೆಯಲ್ಲಿ ಅರಮನೆಯ ಮುಂದಣ ಬಯಲಿನಲ್ಲಿ ನಡೆಯುವ ಸಂಗೀತ ಗೋಷ್ಠಿಗಳ ಮೂಲವನ್ನು ಮೈಸೂರಿನಲ್ಲಿಯೇ ಅರಸುವುದು ವಾಡಿಕೆಯಾಗಿದೆ. ಆದರೆ ಆ ಉತ್ಸವಕ್ಕೆ ರಾಜಧಾನಿಯ ಹಬ್ಬವೆಂಬ ಪದವಿ ದೊರೆತದ್ದು ಕಾವೇರಿಯ ಕವಲುಗಳ ನಡುವಣ ಶ್ರೀರಂಗಪಟ್ಟಣದಲ್ಲಿ. ಕ್ರಿ.ಶ. 1610ರಲ್ಲಿ ರಾಜ ಒಡೆಯರು ವಿಜಯನಗರದ ಪ್ರತಿನಿಧಿ ತಿರುಮಲರಾಜನ ವಶದಲ್ಲಿದ್ದ ಆ ದುರ್ಗವನ್ನು ಪಡೆದು, ಅದೇ ವರ್ಷ ಅಲ್ಲಿ ಮಹಾನವಮಿಯನ್ನು ನೆರವೇರಿಸಿದರು. ಹಬ್ಬದ ಹೊತ್ತಿಗೆ ಕುಮಾರ ನರಸರಾಜನು ತೀರಿಕೊಂಡರೂ ಉತ್ಸವ ನಿಲ್ಲಲಿಲ್ಲವೆಂಬುದು ಸಂಸ್ಥಾನದ ಐತಿಹ್ಯ. ಹಂಪೆಯ ಮಹಾನವಮಿ ದಿಬ್ಬದ ಮುಂದೆ ನಡೆಯುತ್ತಿದ್ದ ಹಬ್ಬವನ್ನು 1443ರಲ್ಲಿ ಅಬ್ದುಲ್ ರಜಾಕನೂ, 1520ರ ಸುಮಾರಿನಲ್ಲಿ ಡೊಮಿಂಗೋ ಪಾಯಸನೂ ಕಂಡು ಬರೆದಿದ್ದಾರೆ. ಒಡೆಯರು ಉಳಿಸಿಕೊಂಡದ್ದು ಆ ಸಂಪ್ರದಾಯವನ್ನೇ.

ಶ್ರೀರಂಗಪಟ್ಟಣದ ಒಡೆಯರ ಅರಮನೆ ಇಂದು ಉಳಿದಿಲ್ಲ. ಆದ್ದರಿಂದ ಗೋವಿಂದ ವೈದ್ಯನ ‘ಕಂಠೀರವ ನರಸರಾಜ ವಿಜಯ’ವು ಮುಖ್ಯ ಸಾಕ್ಷಿಯಾಗುತ್ತದೆ. 1648ರ ಈ ಸಾಂಗತ್ಯ ಕಾವ್ಯದಲ್ಲಿ ಅರಸನ ಓಲಗ, ಗಾಯಕರು, ವಾದ್ಯಗಾರರು, ನರ್ತಕಿಯರು, ಜಟ್ಟಿಗಳ ಕಾಳಗ, ಬಾಣಬಿರುಸು, ನೆರೆದ ಜನಸಂದಣಿ ಎಲ್ಲವೂ ವರ್ಣಿತವಾಗಿವೆ. ಆದರೆ ಇದನ್ನು ಸಂಗೀತ ಚರಿತ್ರೆಗೆ ಬಳಸುವವರು ಒಂದು ಎಚ್ಚರಿಕೆಯನ್ನು ವಹಿಸಬೇಕು. ವಾದ್ಯಗಳನ್ನೂ ರಾಗಗಳನ್ನೂ ಪಟ್ಟಿಮಾಡುವುದು ನಮ್ಮ ಕವಿಗಳಿಗೆ ಅಷ್ಟಾದಶ ವರ್ಣನೆಯಷ್ಟೇ ರೂಢಿಯಾದುದು. ಪಟ್ಟಿಯಲ್ಲಿ ಹೆಸರು ಬಂದ ಮಾತ್ರಕ್ಕೆ ಆ ವಾದ್ಯವು ಆ ಸಭೆಯಲ್ಲಿ ನುಡಿಯಿತೆಂದು ಹೇಳಲಾಗದು. ಕವಿಯು ಹಬ್ಬ ನಡೆದ ದೊರೆಯ ಕಾಲದಲ್ಲಿಯೇ ಬರೆದವನು. ಆದಕಾರಣ ಉತ್ಸವದ ಕ್ರಮ, ಓಲಗದ ಕಟ್ಟುಪಾಡು, ಪ್ರಜೆಗಳ ಸೇರುವಿಕೆ, ಇವುಗಳ ವಿಷಯದಲ್ಲಿ ಅವನ ಮಾತಿಗೆ ಹೆಚ್ಚಿನ ತೂಕವುಂಟು.

ಇಲ್ಲಿ ‘ಬಯಲಿನ ಸಂಗೀತ’ವೆಂಬುದನ್ನು ಬಿಡಿಸಿ ನೋಡಬೇಕು. ಕೊಂಬು, ಕಹಳೆ, ನಗಾರಿ, ನಾಗಸ್ವರ, ಡೋಲುಗಳು ಬಯಲಿಗೆಂದೇ ಹುಟ್ಟಿದ ವಾದ್ಯಗಳು, ಬೀದಿಯಾಚೆಗೂ ಕೇಳಿಸುತ್ತವೆ. ವೀಣೆಯಾದರೋ ಹತ್ತಿರ ಕುಳಿತವರಿಗೆ ಸಲ್ಲುವಂಥದು. ಸಾಮಾನ್ಯ ಪ್ರಜೆಗೆ ಹಬ್ಬದ ಸಂಗೀತವೆಂದರೆ ಬಹುಮಟ್ಟಿಗೆ ಮಂಗಳವಾದ್ಯವೇ ಆಗಿದ್ದಿರಬೇಕು. ಸೂಕ್ಷ್ಮವಾದ ಗಾನವು ಓಲಗದ ಮಂದಿಯ ಪಾಲು. ಚಿಕ್ಕದೇವರಾಜ ಒಡೆಯರ (1673–1704) ಹೆಸರಿನ ‘ಗೀತಗೋಪಾಲ’ವು ಜಯದೇವನ ಅಷ್ಟಪದಿಗಳಿಗೆ ಸಮನಾಗಿ ಸಪ್ತಪದಿಗಳನ್ನು ನಿಲ್ಲಿಸಿದ ಕೃತಿ. ಅಂಥ ರಚನೆಗೆ ಆನೆಕುದುರೆಗಳ ಗದ್ದಲದ ಬಯಲು ತಕ್ಕ ಸ್ಥಳವಲ್ಲ.

1761ರಿಂದ ಅಧಿಕಾರವು ಹೈದರನ ಕೈಗೆ ಹೋದರೂ ದಸರೆಯಲ್ಲಿ ಅರಸರನ್ನು ಪ್ರಜೆಗಳ ಕಣ್ಣಿಗೆ ಕಾಣಿಸುವ ಪದ್ಧತಿ ಉಳಿದಿತ್ತು. 1796ರಲ್ಲಿ ಖಾಸಾ ಚಾಮರಾಜರು ತೀರಿಕೊಂಡ ಮೇಲೆ ಟಿಪ್ಪುವು ಇನ್ನೊಬ್ಬ ಅರಸನನ್ನು ಪಟ್ಟಕ್ಕೆ ತರಲಿಲ್ಲ. 1799ರ ಮೇ 4ರಂದು ದುರ್ಗವು ಬಿದ್ದಿತು. ಜೂನ್ 30ರಂದು ಮುಮ್ಮಡಿ ಕೃಷ್ಣರಾಜರ ಪಟ್ಟಾಭಿಷೇಕವು ಮೈಸೂರಿನಲ್ಲಿ ಆಯಿತು. ಓಲಗದೊಡನೆ ಅದರ ಸಂಗೀತವೂ ಮೈಸೂರಿಗೆ ನಡೆಯಿತು.

ದ್ವೀಪದಲ್ಲಿ ಉಳಿದದ್ದು ದೇವಾಲಯದ ಉತ್ಸವ. ರಂಗನಾಥನ ರಥಸಪ್ತಮಿಗೂ, ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯಲ್ಲಿ ರಾತ್ರಿಯ ಹೊತ್ತು ಹೊರಡುವ ವೈರಮುಡಿ ಸೇವೆಗೂ ದೊರೆಯ ಓಲಗದ ಹಂಗಿಲ್ಲ. ಒಡೆಯರ ಕಾಲದ ಬಯಲು ವಾದ್ಯದ ಪರಂಪರೆಯನ್ನು ಇಂದು ಕೇಳಬೇಕೆನ್ನುವವರು ಸಂಗೀತ ವೇದಿಕೆಗಿಂತ ಮೊದಲು ಈ ಬೀದಿಗಳಿಗೆ ಹೋಗುವುದು ಲೇಸು. ಮೇಲುಕೋಟೆಯವರಾದ ಪು.ತಿ. ನರಸಿಂಹಾಚಾರ್ಯರು ಗೀತನಾಟಕಗಳನ್ನು ರಚಿಸಿದ್ದನ್ನು ನೆನೆದರೆ, ಆ ಪರಿಸರದ ನಾದವು ಸಾಹಿತ್ಯಕ್ಕೂ ಹೊರತಾಗಲಿಲ್ಲವೆಂದು ತೋರುತ್ತದೆ.

ವೀಣೆಯನ್ನೂ ಗಾಯನವನ್ನೂ ಸಾವಿರಾರು ಜನರ ಬಯಲಿಗೆ ತಂದದ್ದು ಇಪ್ಪತ್ತನೆಯ ಶತಮಾನದ ಧ್ವನಿವರ್ಧಕ. ಬೆಂಗಳೂರಿನ ಚಾಮರಾಜಪೇಟೆಯಲ್ಲಿ 1939ರಲ್ಲಿ ಆರಂಭವಾದ ಶ್ರೀರಾಮಸೇವಾ ಮಂಡಲಿಯ ರಾಮನವಮಿ ಸಂಗೀತೋತ್ಸವವು, ಅರಸರಿಲ್ಲದೆಯೂ ಚಪ್ಪರದ ಕೆಳಗೆ ಶಾಸ್ತ್ರೀಯ ಸಂಗೀತದ ಮಹಾಸಭೆ ಸೇರಬಹುದೆಂದು ತೋರಿಸಿತು. ಮೈಸೂರಿನಲ್ಲಿ 1970ರ ದಶಕದಿಂದ ಅಂಬಾರಿಯಲ್ಲಿ ಅರಸರ ಬದಲು ಚಾಮುಂಡೇಶ್ವರಿಯ ಮೂರ್ತಿ ಮೆರೆಯುತ್ತಿದೆ. ಅರಮನೆಯ ಮುಂದೆ ಕುಳಿತು ಕೇಳುವವರು ಪ್ರಜೆಗಳು. ಶ್ರೀರಂಗಪಟ್ಟಣದಲ್ಲಿಯೂ ದಸರೆಯು ಮತ್ತೆ ನಡೆಯತೊಡಗಿದ್ದು, ಅದರ ಮೆರವಣಿಗೆಯು ಕಿರಂಗೂರಿನ ಬನ್ನಿಮಂಟಪದಿಂದ ಹೊರಡುತ್ತದೆ.